ಒಕ್ಕೂಟ ಬಿಟ್ಟವರಿಗೆ ನಾನು ಫಾರಂ ತುಂಬಲು ಕಲಿಸಿದ್ದು

ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ಒಂದು ಟ್ಯುಟೋರಿಯಲ್ ಇದೆ. ಸರಸ್ವತಿಪುರಂನಲ್ಲಿ ಟ್ಯುಟೋರಿಯಲ್‌ಗೆ ಬಾಡಿಗೆ ಕೊಡದ ಮನೆ ಯಾವುದಿದೆ ಹೇಳಿ. ಅಲ್ಲಿ ರಫ್ತು ವ್ಯವಹಾರದ ಕೋರ್ಸ್ ಮಾಡುವ ಹುಡುಗ ಹುಡುಗಿಯರು ಮೆಟ್ಟಿಲ ಮೇಲೆ ಕೂತು ನೋಟ್ಸ್ ಉರು ಹೊಡೆಯುವುದು ನನ್ನ ಅಡುಗೆಮನೆಗೆ ಕೇಳಿಸುತ್ತದೆ. ಒಂದು ದಿನ ತಡೆಯಲಾರದೆ ಮೇಲಿನಿಂದಲೇ ಕೂಗಿದೆ, "ತಪ್ಪು ಕಣ್ರೋ! ಆ ಸರ್ಟಿಫಿಕೇಟ್ ಮೇಲೆ ಸಹಿ ನೀಲಿ ಇಂಕಲ್ಲೇ ಇರ್ಬೇಕು, ಕಪ್ಪು ಇಂಕಲ್ಲಿ ಹಾಕಿದ್ರೆ ವಾಪಸ್ ಬರತ್ತೆ." ಒಬ್ಬಳು ತಲೆಯೆತ್ತಿ, "ನಿಮಗೆ ಹೇಗ್ ಗೊತ್ತು ಆಂಟಿ?" ಎಂದಳು. ಹೇಗೆ ಗೊತ್ತಂತೆ! ಮೂವತ್ತು ವರ್ಷಕ್ಕೂ ಮೇಲೆ ಊದುಬತ್ತಿ ಕಾರ್ಖಾನೆಯ ರಫ್ತು ವಿಭಾಗದಲ್ಲಿ ಕಾಗದಪತ್ರ ಬರೆದು ಬೆರಳು ಸವೆಸಿಕೊಂಡವಳು ನಾನು. ಆವತ್ತಿನಿಂದ ಅವರು ನನ್ನ ಹಿಂದೆ ಬಿದ್ದರು. ಬರೆದುಕೊಡಿ, ಬರೆದುಕೊಡಿ ಎಂದು ಒಂದೇ ವರಾತ. ಸರಿ, ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಸಂಬಳ ಎಷ್ಟಾಯಿತು ಎಂದೆಲ್ಲ ಕೇಳಬೇಡಿ, ಅದು ನಮ್ಮ ಮನೆಯವರಿಗೇ ನೆನಪಿಲ್ಲ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮ ಕಾರ್ಖಾನೆ ಕುಂಬಾರಕೊಪ್ಪಲಿನ ಕಡೆ ಇತ್ತು. ಒಂದು ಪೆಟ್ಟಿಗೆ ಊದುಬತ್ತಿ ಅಲ್ಲಿಂದ ಹೊರಟು ಇನ್ನೊಂದು ದೇಶದ ಅಂಗಡಿಯ ಕಪಾಟು ಸೇರಬೇಕಾದರೆ ಅದರ ಜೊತೆಗೆ ಒಂದು ಕಂತೆ ಕಾಗದ ಹೋಗಬೇಕು. ಒಳಗೇನಿದೆ, ಎಷ್ಟು ತೂಕ, ಎಲ್ಲಿ ಹುಟ್ಟಿದ್ದು, ಯಾರು ಕಳಿಸಿದ್ದು, ಯಾರು ತೆಗೆದುಕೊಳ್ಳುವುದು. ಹೆಣ್ಣು ತೋರಿಸುವಾಗಲೂ ಇಷ್ಟೊಂದು ಪ್ರಶ್ನೆ ಕೇಳುವುದಿಲ್ಲ. ಆ ಕಂತೆಯನ್ನು ಸಿದ್ಧ ಮಾಡುವುದೇ ನನ್ನ ಕೆಲಸ.

ಸೇರಿದ ಹೊಸದರಲ್ಲೇ ಒಂದು ಎಡವಟ್ಟು ಮಾಡಿದೆ. ಹಡಗಿನ ಏಜೆಂಟರ ಫಾರಂನಲ್ಲಿ ಒಂದು ಪ್ರಶ್ನೆಯಿತ್ತು: ಈ ವಸ್ತು ಬೆಂಕಿ ಹತ್ತಿಕೊಳ್ಳುತ್ತದೆಯೇ? ನಾನು ಸತ್ಯಸಂಧೆ. "ಹೌದು, ಹತ್ತಿಕೊಳ್ಳದಿದ್ದರೆ ಯಾರೂ ಕೊಳ್ಳುವುದಿಲ್ಲ" ಎಂದು ನೀಟಾಗಿ ಟೈಪ್ ಮಾಡಿ ಕಳಿಸಿದೆ. ಅವರು ನಮ್ಮ ಊದುಬತ್ತಿಯನ್ನು ಪಟಾಕಿಯ ಸಾಲಿಗೆ ಸೇರಿಸಿ, ಹಡಗಿಗೆ ಹತ್ತಿಸುವುದಿಲ್ಲ ಎಂದುಬಿಟ್ಟರು. ಆಗ ನನ್ನ ಮೇಲಿದ್ದವರು ಶೇಷಗಿರಿರಾಯರು. ಪಂಚೆ, ಕೋಟು, ಕೋಟಿನ ಜೇಬಿನಲ್ಲಿ ನಶ್ಯದ ಡಬ್ಬಿ. ಅವರ ತಾತ ಅರಮನೆಯಲ್ಲಿ ಕಾಗದ ಬರೆಯುತ್ತಿದ್ದರಂತೆ. ಅದನ್ನು ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು. ನನ್ನ ಫಾರಂ ಹಿಡಿದುಕೊಂಡು ಬಂದು, "ಏನಮ್ಮಾ ಪದ್ಮಾವತಿ, ಅವರು ಕೇಳಿದ್ದಷ್ಟಕ್ಕೆ ಉತ್ತರ ಬರಿ. ಕೇಳದೇ ಇದ್ದಿದ್ದನ್ನ ಬರೆದ್ರೆ ಅದಕ್ಕೆ ಇನ್ನೊಂದು ಫಾರಂ ಹುಟ್ಟುತ್ತೆ" ಎಂದರು. ನನಗೆ ಸಿಕ್ಕಿದ ತರಬೇತಿ ಅಷ್ಟೇ. ಆಮೇಲೆ ಟೈಪ್‌ರೈಟರ್ ಹೋಗಿ ಟೆಲೆಕ್ಸ್, ಟೆಲೆಕ್ಸ್ ಹೋಗಿ ಫ್ಯಾಕ್ಸ್, ಫ್ಯಾಕ್ಸ್ ಹೋಗಿ ಕಂಪ್ಯೂಟರ್ ಬಂದವು. ರಾಯರ ಈ ಮಾತನ್ನು ಬದಲಾಯಿಸುವ ಯಂತ್ರ ಮಾತ್ರ ಬರಲಿಲ್ಲ.

ಫ್ಯಾಕ್ಸ್ ಕಾಲದಲ್ಲಿ ನನ್ನ ಬಾಳಿಗೆ ವಕ್ಕರಿಸಿದವಳು ಲಿಂಡಾ.

ಇಂಗ್ಲೆಂಡಿನ ಒಂದು ಸಣ್ಣ ಊರಿನ ವ್ಯಾಪಾರಿಯೊಬ್ಬರು ನಮ್ಮ ಊದುಬತ್ತಿ ತರಿಸಿಕೊಂಡು, ಅರ್ಧ ಅಲ್ಲೇ ಮಾರಿ, ಅರ್ಧವನ್ನು ಜರ್ಮನಿ ಕಡೆ ಕಳಿಸುತ್ತಿದ್ದರು. ಅವರ ಮಾಲು ರವಾನೆಯ ಮೇಜಿನ ಹಿಂದೆ ಕೂತವಳು ಲಿಂಡಾ. ಹೆಚ್ಚುಕಡಿಮೆ ನನ್ನದೇ ವಯಸ್ಸು. ಅವಳಿಗೆ ಒಂದೇ ಹವ್ಯಾಸ. ನನ್ನ ಕಾಗದದಲ್ಲಿ ತಪ್ಪು ಹುಡುಕಿ, ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿ, ಫ್ಯಾಕ್ಸ್‌ನಲ್ಲಿ ವಾಪಸ್ ಕಳಿಸುವುದು. ಫ್ಯಾಕ್ಸ್‌ನಲ್ಲಿ ಕೆಂಪು ಕಾಣುವುದಿಲ್ಲ ಎಂದು ಪಕ್ಕದಲ್ಲೇ "ಇದು ಕೆಂಪು" ಎಂದು ಬರೆದಿರುತ್ತಿದ್ದಳು, ಪುಣ್ಯಾತ್ಮಳು! ತೂಕದಲ್ಲಿ ಅರ್ಧ ಕಿಲೋ ವ್ಯತ್ಯಾಸ, ಸೊನ್ನೆ. ವಿಳಾಸದಲ್ಲಿ ಒಂದು ಅಲ್ಪವಿರಾಮ ಇಲ್ಲ, ಸೊನ್ನೆ. ಸಹಿ ಕಪ್ಪು ಇಂಕಿನಲ್ಲಿದೆ, ದೊಡ್ಡ ಸೊನ್ನೆ. ನಾನು ಅವಳನ್ನು ಕನ್ನಡದಲ್ಲಿ ಬೈದುಕೊಂಡ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ವರ್ಷಗಟ್ಟಲೆ ಬೈದರೆ ಅದೂ ಒಂದು ನಂಟೇ ಆಗುತ್ತದೆ. ಫೋನಿನಲ್ಲಿ ಮೊದಲು ತೂಕ, ಆಮೇಲೆ ಮಂಡಿನೋವು, ಆಮೇಲೆ ಅವಳ ಬೆಕ್ಕು, ನನ್ನ ಅತ್ತೆ. ಅವಳ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅಷ್ಟು ವರ್ಷ ಜಗಳವಾಡಿದ ಮೇಲೆ ಏಕವಚನವೇ ಸರಿ.

ನನಗೂ ಒಂದು ಹವ್ಯಾಸವಿತ್ತು. ಪ್ರತಿ ಆರ್ಡರಿನ ಮೊದಲ ಪೆಟ್ಟಿಗೆ ಮುಚ್ಚುವ ಮುಂಚೆ ಒಂದು ಚಿಟಿಕೆ ಅಕ್ಷತೆ, ಎರಡು ತುಳಸಿ ದಳ ಕಾಗದದಲ್ಲಿ ಮಡಿಸಿ ಒಳಗಿಡುತ್ತಿದ್ದೆ. ಮಾಲು ಸುಸೂತ್ರವಾಗಿ ಮುಟ್ಟಲಿ ಎಂದು. ಯಾರೂ ಹೇಳಿರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಪ್ಯಾಕಿಂಗ್ ಹೆಂಗಸರ ಮುಖ್ಯಸ್ಥೆ ನಿಂಗಮ್ಮ ಅಶೋಕಪುರಂನಿಂದ ಬರುತ್ತಿದ್ದಳು. ಅವಳು ಟೇಪು ಹಿಡಿದುಕೊಂಡು, "ಆಯ್ತಾ ಪದ್ಮಮ್ಮ ನಿಮ್ ಪೂಜೆ? ಮುಚ್ಬುಡ್ಲಾ?" ಎನ್ನುತ್ತಿದ್ದಳು. ಆ ತುದಿಯಲ್ಲಿ ಪೆಟ್ಟಿಗೆ ಬಿಚ್ಚಿದ ಲಿಂಡಾ ಮೊದಲ ಸಲ ಗಾಬರಿಯಿಂದ ಫೋನ್ ಮಾಡಿ, ಇದೇನು ಇಲಿಪಾಷಾಣವೇ ಎಂದು ಕೇಳಿದ್ದಳು. ವಿವರಿಸಿದ ಮೇಲೆ ಅವಳೇ ಅದನ್ನು ತೆಗೆದು ಪಕ್ಕಕ್ಕಿಟ್ಟು, ಮಿಕ್ಕ ಮಾಲನ್ನು ಜರ್ಮನಿಗೆ ಕಳಿಸುತ್ತಿದ್ದಳು. ಹೀಗೆ ವರ್ಷಗಳು ನಡೆದವು.

ಆಗ ಯುರೋಪು ನನ್ನ ಮಟ್ಟಿಗೆ ಒಂದೇ ಬಾಗಿಲಿನ ದೊಡ್ಡ ವಠಾರ. ಎರಡು ಡಜನ್‌ಗೂ ಹೆಚ್ಚು ದೇಶಗಳು ಸೇರಿ ಮಾಡಿಕೊಂಡ ಒಕ್ಕೂಟ. ಒಂದು ಕಡೆ ಒಳಗೆ ಬಿಟ್ಟರೆ ಸಾಕು, ಮಾಲು ಎಲ್ಲ ಮನೆಗೂ ತಾನೇ ಓಡಾಡುತ್ತಿತ್ತು. ಲಿಂಡಾಳಿಂದ ಜರ್ಮನಿಗೆ ಹೋಗುವ ಲಾರಿಗೆ ಒಂದು ಚೀಟಿ ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಅದಕ್ಕೇ ಅವಳಿಗೆ ನನ್ನ ಕಾಗದಗಳ ಮೇಲೆ ಸೊನ್ನೆ ಸುತ್ತಲು ಅಷ್ಟೊಂದು ಪುರುಸೊತ್ತು.

ಒಂದು ದಿನ ಫೋನಿನಲ್ಲಿ, "ನಾವು ಒಕ್ಕೂಟ ಬಿಡುತ್ತಿದ್ದೇವೆ ಪದ್ಮಾ. ದೇಶದಲ್ಲಿ ಓಟು ಹಾಕಿಸಿದರು" ಎಂದಳು.

"ಬಿಟ್ಟು ಎಲ್ಲಿಗೆ ಹೋಗುತ್ತೀರಿ?"

"ಎಲ್ಲಿಗೂ ಇಲ್ಲ. ಇಲ್ಲೇ ಇರುತ್ತೇವೆ."

ಓಟು ಹಾಕಿದ್ದು ಒಂದು ಕಾಲ, ಹೊರಗೆ ಬಂದದ್ದು ಇನ್ನೊಂದು ಕಾಲ, ಗಡಿಯಲ್ಲಿ ನಿಜವಾಗಿ ಸುಂಕದ ಗೇಟು ಬಿದ್ದದ್ದು ಅದಕ್ಕೂ ಆಮೇಲೆ. ಅಲ್ಲಿಯವರೆಗೆ ಅಲ್ಲಿ ಯಾರಿಗೂ ಏನೂ ಗೊತ್ತಿದ್ದಂತೆ ಕಾಣಲಿಲ್ಲ. ಕಾರ್ಖಾನೆಯ ಯಜಮಾನರು ಮಲ್ಲೇಶಪ್ಪನವರು ನನ್ನನ್ನು ಕರೆಸಿ, "ಪದ್ಮಾವತಮ್ಮೋರೇ, ಇದರಿಂದ ನಮಗೇನಾದ್ರೂ ತೊಂದ್ರೆನಾ?" ಎಂದರು. ನನಗೆ ತಿಳಿದಷ್ಟು ಹೇಳಿದೆ. ಡಬ್ಬದ ಮೇಲೆ, ಮಾಲಿಗೆ ಜವಾಬ್ದಾರರಾದ ಅಲ್ಲಿನವರ ವಿಳಾಸ ಇರಬೇಕು. ಇಷ್ಟು ದಿನ ಇಂಗ್ಲೆಂಡಿನ ವಿಳಾಸವೇ ಇಡೀ ಯುರೋಪಿಗೆ ನಡೆಯುತ್ತಿತ್ತು, ಇನ್ನು ನಡೆಯುವುದಿಲ್ಲ. ಎರಡು ಬಗೆ ಚೀಟಿ ಅಂಟಿಸಬೇಕು. ಐರ್ಲೆಂಡಿನ ಮೇಲ್ಭಾಗ ಬ್ರಿಟನ್ನಿಗೇ ಸೇರಿದ್ದು, ಆದರೆ ಸರಕಿನ ಲೆಕ್ಕಕ್ಕೆ ಒಕ್ಕೂಟದ ಕಾನೂನೇ ಅಲ್ಲಿ ಉಳಿಯುತ್ತದೆ. ಮಲ್ಲೇಶಪ್ಪನವರು ತಲೆ ಕೆರೆದುಕೊಂಡರು. "ಇರೋದು ಒಬ್ಬರ ಮನೇಲಿ, ರೇಷನ್ ಕಾರ್ಡ್ ಇನ್ನೊಬ್ಬರ ಮನೇದು. ಅಷ್ಟೇ ಸಾರ್" ಎಂದೆ. ಅವರಿಗೆ ತಕ್ಷಣ ಅರ್ಥವಾಯಿತು.

ನಿಂಗಮ್ಮನಿಗೆ ವಿವರಿಸುವುದು ಇನ್ನೂ ಸುಲಭವಾಯಿತು. "ಅವ್ರು ಬ್ಯಾರೆ ಆಗ್ಬುಟ್ರೆ ಆಗ್ಲಿ ಬುಡಿ ಪದ್ಮಮ್ಮ. ನಮ್ಗೇನು, ಎರಡ್ ತರ ಚೀಟಿ ಮೆತ್ತೋದು ತಾನೆ? ಆದ್ರೆ ಆರ್ಡ್ರು ನಿಲ್ದಂಗೆ ನೋಡ್ಕಳಿ. ಹನ್ನೆರಡ್ ಜನ ಹೆಣ್ಮಕ್ಳು ಇದೇ ಡಬ್ಬಾ ನಂಬ್ಕಂಡ್ ಕೂತವ್ರೆ" ಎಂದಳು.

ಗೇಟು ಬಿದ್ದ ಮೇಲೆ ಶುರುವಾಯಿತು ನೋಡಿ ತಮಾಷೆ. ಲಿಂಡಾಳ ಫೋನು ದಿನಕ್ಕೆ ಮೂರು ಸಲ. ಅವಳಿಂದ ಜರ್ಮನಿಗೆ ಹೋಗುವ ಮಾಲಿಗೆ ಈಗ ನಾನು ಬರೆಯುವಂಥದೇ ಕಾಗದದ ಕಂತೆ ಬೇಕು. ಅವಳು ಹುಟ್ಟಿನಿಂದ ಅಂಥದ್ದನ್ನು ಬರೆದವಳೇ ಅಲ್ಲ, ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿದವಳು! "ಪದ್ಮಾ, ಸರಕಿನ ಸಂಕೇತ ಸಂಖ್ಯೆ ಎಂದರೇನು?" "ಪದ್ಮಾ, ಪೆಟ್ಟಿಗೆಗಳ ಕೆಳಗಿಡುವ ಮರದ ಹಲಗೆಗೂ ಮುದ್ರೆ ಬೇಕಂತೆ, ಯಾವ ಮುದ್ರೆ?" "ಪದ್ಮಾ, ಮೂಲ ದೇಶ ಯಾವುದು ಎಂದು ಬರೆಯಲಿ, ನಮ್ಮದೋ ನಿಮ್ಮದೋ?" ಅಬ್ಬಾ, ಆ ದಿನಗಳಲ್ಲಿ ನನ್ನ ನಡಿಗೆಯೇ ಬದಲಾಗಿತ್ತೆಂದು ಆಫೀಸಿನವರು ಆಡಿಕೊಂಡರು. ಅವಳು ತುಂಬಿ ಕಳಿಸಿದ ಮೊದಲ ಫಾರಂ ಬಂದಾಗ ನಾನು ಅಂಗಡಿಗೆ ಹೋಗಿ ಕೆಂಪು ಪೆನ್ನು ಕೊಂಡು ತಂದೆ. ಎಂಟು ಕಡೆ ಸೊನ್ನೆ ಸುತ್ತಿ, ಸ್ಕ್ಯಾನ್ ಮಾಡಿ, "ಇದು ಕೆಂಪು" ಎಂದು ಪಕ್ಕದಲ್ಲಿ ಬರೆದು ಕಳಿಸಿದೆ. ಕಂಪ್ಯೂಟರಿನಲ್ಲಿ ಕೆಂಪು ಚೆನ್ನಾಗಿಯೇ ಕಾಣುತ್ತದೆ, ಆದರೂ ಬರೆದೆ.

ಅದನ್ನು ನೋಡಿ ಅವಳು ಫೋನ್ ಮಾಡಿ ನಕ್ಕಳು. ಆಮೇಲೆ ಹೇಳಿದಳು, "ಒಂದು ವಿಷಯ ಹೇಳುತ್ತೇನೆ, ಬೈಯಬೇಡ. ಒಕ್ಕೂಟ ಬಿಡೋಣ ಎಂದು ನಾನೂ ಓಟು ಹಾಕಿದ್ದೆ."

"ಯಾಕೆ ಮಾರಾಯ್ತಿ?"

"ಬಿಟ್ಟರೆ ಕಾಗದಪತ್ರದ ಕಾಟ ಕಡಿಮೆಯಾಗುತ್ತದೆ ಎಂದಿದ್ದರು."

ನಾನು ನಕ್ಕ ನಗುವಿಗೆ ಪಕ್ಕದ ಕೋಣೆಯಿಂದ ಮಲ್ಲೇಶಪ್ಪನವರು ಎದ್ದು ಬಂದು, ಏನಾಯಿತೆಂದು ಇಣುಕಿ ಹೋದರು. ಆದರೆ ಲಿಂಡಾ ಆಮೇಲೆ ಹೇಳಿದ್ದು ನಗುವ ವಿಷಯವಲ್ಲ. ಮಾಲಿನ ಮೂಲ ನಮ್ಮ ದೇಶವಾದ್ದರಿಂದ ಅವರ ದೇಶಕ್ಕೆ ಬರುವಾಗ ಒಂದು ಸಲ ಸುಂಕ, ಅಲ್ಲಿಂದ ಒಕ್ಕೂಟದೊಳಕ್ಕೆ ಹೋಗುವಾಗ ಇನ್ನೊಂದು ಸಲ. ಬಂದರಿನಲ್ಲಿ ಲಾರಿಗಳ ಸಾಲು. ಒಬ್ಬ ಡ್ರೈವರಿನ ಊಟದ ಡಬ್ಬಿಯಲ್ಲಿ ಮಾಂಸವಿದೆ ಎಂದು ಅದನ್ನೂ ಕಿತ್ತುಕೊಂಡರಂತೆ. (ನಿಂಗಮ್ಮ ಇದನ್ನು ಕೇಳಿ, "ಅಯ್ಯೋ ಅವ್ರ್ ಮನೆ ಕಾಯ್ವಾಗ! ಉಣ್ಣೋ ಅನ್ನಾನೂ ಕಿತ್ಕಂಡ್ರಾ?" ಎಂದು ಬಹಳ ನೊಂದುಕೊಂಡಳು.) ಜರ್ಮನಿಯ ಅಂಗಡಿಗಳವರು ಆ ವರ್ಷದ ಕ್ರಿಸ್ಮಸ್‌ಗೆ ದೊಡ್ಡ ಆರ್ಡರ್ ಕೊಟ್ಟಿದ್ದರು. ಇದು ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಯುರೋಪಿಗೆ ಮಾಲು ಕಳಿಸುವ ಮೇಜನ್ನೇ ಮುಚ್ಚಿಬಿಡುತ್ತೇನೆ ಎಂದು ಅವಳ ಕಂಪನಿಯ ಯಜಮಾನರು ಹೇಳಿದ್ದರು. ಆ ಮೇಜು ಎಂದರೆ ಲಿಂಡಾ. "ಈ ವಯಸ್ಸಿನಲ್ಲಿ ನನಗೆ ಬೇರೆ ಯಾರು ಕೆಲಸ ಕೊಡುತ್ತಾರೆ?" ಎಂದಳು.

ನಾನು ಟೊಂಕ ಕಟ್ಟಿ ನಿಂತೆ. ಅವಳ ಒಂದೊಂದು ಫಾರಮನ್ನೂ ನಾನೇ ನೋಡಿದೆ, ನನ್ನ ಕಾಗದಗಳನ್ನು ಅವಳು ನೋಡಿದಳು. ನಿಂಗಮ್ಮನ ಕಡೆಯವರು ಭಾನುವಾರವೂ ಬಂದು ಹೊಸ ಚೀಟಿ ಅಂಟಿಸಿದರು. ಮೊದಲ ಪೆಟ್ಟಿಗೆ ಮುಚ್ಚುವ ಹೊತ್ತಿಗೆ ನನಗೆ ಲಿಂಡಾಳದೇ ಯೋಚನೆ. ಈ ಮಾಲಿಗೆ ಯಾವ ವಿಘ್ನವೂ ಬರಬಾರದು ಎಂದು, ಒಂದು ಚಿಟಿಕೆಯ ಜಾಗದಲ್ಲಿ ಒಂದು ಹಿಡಿ ಅಕ್ಷತೆ ಹಾಕಿದೆ. ಎರಡು ದಳದ ಜಾಗದಲ್ಲಿ ತುಳಸಿಯ ಒಂದು ಕುಡಿಯನ್ನೇ ಇಟ್ಟೆ.

ಮಾಲು ಅವಳ ಊರು ಮುಟ್ಟಿದ ದಿನವೇ ಲಾರಿ ಸಿದ್ಧವಾಗಿತ್ತು. ಅದು ತಪ್ಪಿದರೆ ಇನ್ನೊಂದು ವಾರ ಕಾಯಬೇಕು. ಪೆಟ್ಟಿಗೆ ಬಿಚ್ಚುವ ವ್ಯವಧಾನವಿಲ್ಲದೆ ಲಿಂಡಾ ಹಾಗೆಯೇ ಹತ್ತಿಸಿದಳು. ಮೊದಲು ಗೇಟೇ ಇಲ್ಲದಿದ್ದ ಜಾಗದಲ್ಲಿ ಈಗ ಗೇಟಿತ್ತು, ಗೇಟಿನಲ್ಲಿ ಹೊಸ ಉತ್ಸಾಹದ ಅಧಿಕಾರಿಗಳಿದ್ದರು. ಅವರು ಬಿಚ್ಚಿದ್ದು ಮೊದಲ ಪೆಟ್ಟಿಗೆಯನ್ನೇ. ಕಾಗದದಲ್ಲಿ ಬರೆಯದ ಧಾನ್ಯ, ಬರೆಯದ ಎಲೆ, ಜೊತೆಗೆ ಯಾವುದೋ ಹಳದಿ ಪುಡಿ! ಇಡೀ ಲೋಡು ನಿಂತಿತು. ಇದೇನು, ಯಾರು ಇಟ್ಟದ್ದು, ಯಾಕೆ ಇಟ್ಟದ್ದು ಎಂದು ಲಿಖಿತ ವಿವರಣೆ ಕೇಳಿದರು.

ಮಲ್ಲೇಶಪ್ಪನವರ ಮುಂದೆ ಹೋಗಿ ನಿಂತೆ. ಅವರು ಕೆಟ್ಟವರಲ್ಲ, ವ್ಯಾಪಾರಸ್ಥರು. "ಪ್ಯಾಕಿಂಗ್‌ನಲ್ಲಿ ಯಾರೋ ಹೆಂಗಸು ತಿಳೀದೆ ಹಾಕ್ಬಿಟ್ಟಿದ್ದಾಳೆ, ಅವಳನ್ನ ಕೆಲಸದಿಂದ ತೆಗೆದಿದ್ದೀವಿ ಅಂತ ಬರೆದ್ಬಿಡಿ. ಅವರಿಗೂ ಸಮಾಧಾನ, ನಮಗೂ ಮುಗೀತು" ಎಂದರು.

"ಯಾರನ್ನ ತೆಗೀತೀರಿ ಸಾರ್?"

"ಯಾರನ್ನೂ ತೆಗಿಯಲ್ಲ ಕಣ್ರೀ. ಸುಮ್ನೆ ಬರೆಯೋದು."

ಅಷ್ಟರಲ್ಲಿ ನಿಂಗಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. ಸುದ್ದಿ ಅವಳಿಗೆ ಹೇಗೋ ಮುಟ್ಟಿತ್ತು. "ನನ್ ಎಸ್ರು ಬರ್ಕಳಿ ಪದ್ಮಮ್ಮ. ಅಲ್ಲಿಂದ ಯಾರ್ ಬಂದ್ ನೋಡ್ತಾರೆ? ನೀವ್ ಕಷ್ಟಕ್ಕೆ ಸಿಗಾಕಬ್ಯಾಡಿ" ಎಂದಳು. ಅವಳು ಹಾಗೆ ಹೇಳದೇ ಇದ್ದಿದ್ದರೆ ನಾನು ಬರೆದುಬಿಡುತ್ತಿದ್ದೆನೋ ಏನೋ. ಸುಳ್ಳೇಕೆ, ಮನಸ್ಸು ಅತ್ತ ವಾಲಿತ್ತು. ಅವಳು ಹೇಳಿದ ಮೇಲೆ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಹೋಗಿ ಕೂತು ಬರೆದೆ. ಇಟ್ಟವಳು: ಪದ್ಮಾವತಿ, ರಫ್ತು ವಿಭಾಗ. ಇಟ್ಟದ್ದು: ಅಕ್ಕಿ, ಅರಿಶಿನ, ತುಳಸಿ. ಕಾರಣ ಎಂಬ ಜಾಗದಲ್ಲಿ ಬಹಳ ಹೊತ್ತು ಯೋಚಿಸಿ, "ಸರಕು ಯಾವ ಅಡ್ಡಿಯೂ ಇಲ್ಲದೆ ತಲುಪಲಿ ಎಂದು" ಎಂದು ಬರೆದೆ. ಇದು ನನ್ನ ತಪ್ಪು, ಇನ್ನೊಬ್ಬರದಲ್ಲ, ಲಿಂಡಾಳಿಗೆ ಬಿಚ್ಚಿ ನೋಡಲು ಸಮಯವಿರಲಿಲ್ಲ ಎಂದೂ ಸೇರಿಸಿದೆ. ರಾಯರು ಬದುಕಿದ್ದಿದ್ದರೆ, ಕೇಳದೇ ಇದ್ದಿದ್ದನ್ನು ಬರೆದಿದ್ದೀ ಎಂದು ಹರಿದುಹಾಕುತ್ತಿದ್ದರು. ಮಲ್ಲೇಶಪ್ಪನವರು ಕಾರಣದ ಸಾಲನ್ನು ಎರಡು ಸಲ ಓದಿದರು. "ಅಡ್ಡಿ ಇಲ್ದೆ?" ಎಂದು ಕೇಳಿ, ತುಟಿ ಬಿಗಿಹಿಡಿದು ಸಹಿ ಹಾಕಿದರು. ನೀಲಿ ಇಂಕಿನಲ್ಲಿ.

ಅಧಿಕಾರಿಗಳು ಒಂದು ಪೆಟ್ಟಿಗೆ ಸುಟ್ಟು, ಮಿಕ್ಕದ್ದನ್ನು ಬಿಟ್ಟರು. ಆದರೆ ಬಿಡುವಷ್ಟರಲ್ಲಿ ಕ್ರಿಸ್ಮಸ್ ಮುಗಿಯುತ್ತ ಬಂದಿತ್ತು. ಜರ್ಮನಿಯವರು ಬೇಡ ಎಂದರು. ಲಾರಿ ವಾಪಸ್ ಇಂಗ್ಲೆಂಡಿಗೆ ಬಂತು, ಅದಕ್ಕೂ ಒಂದು ಕಂತೆ ಫಾರಂ ತುಂಬಿಸಿಕೊಂಡು. ಹೊಸ ವರ್ಷದ ಮೊದಲ ವಾರ ಲಿಂಡಾ ಎರಡು ಸಾಲಿನ ಮೇಲ್ ಕಳಿಸಿದಳು. ತಿಂಗಳ ಕೊನೆಗೆ ತನ್ನ ಮೇಜು ಮುಚ್ಚುತ್ತದೆ ಎಂದು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ನಾನು ನಾಲ್ಕು ದಿನ ಉತ್ತರ ಬರೆಯಲಿಲ್ಲ. ಏನೆಂದು ಬರೆಯಲಿ? ದೇವರ ಮುಂದೆ ಕೂತರೂ ಆ ಅಕ್ಷತೆ ಬಟ್ಟಲು ನೋಡಿದರೆ ಸಿಟ್ಟು ಬರುತ್ತಿತ್ತು.

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಮಲ್ಲೇಶಪ್ಪನವರು ಮೈಸೂರ್‌ಪಾಕಿನ ಪೊಟ್ಟಣ ಹಿಡಿದುಕೊಂಡು ಬಂದರು. ಮುಖ ಊರಗಲ ಅರಳಿತ್ತು. ಜರ್ಮನಿಯ ಅಂಗಡಿಯವರು ನೇರವಾಗಿ ನಮಗೇ ಫೋನ್ ಮಾಡಿದ್ದರಂತೆ. ಇಂಗ್ಲೆಂಡಿನ ದಾರಿ ಬೇಡ, ಎರಡು ಸುಂಕ, ಎರಡು ಗೇಟು ಯಾಕೆ, ನೀವೇ ಒಕ್ಕೂಟದ ಬಂದರಿಗೆ ಕಳಿಸಿ ಎಂದು. ಮೊದಲಿಗಿಂತ ದೊಡ್ಡ ಆರ್ಡರು. ಪ್ಯಾಕಿಂಗ್‌ಗೆ ಇನ್ನೂ ನಾಲ್ಕು ಜನ ಬೇಕಾಗಬಹುದು. "ಆ ಲಿಂಡಾಗೆ ಮಾತ್ರ ಈಗ್ಲೇ ಹೇಳ್ಬೇಡಿ" ಎಂದರು ದನಿ ತಗ್ಗಿಸಿ. "ಅವರ ಗಿರಾಕೀನ ನಾವು ಹೊಡೆದ್ವಿ ಅಂತ ಆಗತ್ತೆ. ಕಾಗದಕ್ಕೆ ಸಹಿ ಆಗ್ಲಿ."

ಹೊರಗೆ ನಿಂಗಮ್ಮನ ಕಡೆಯವರು ಸಿಹಿ ಹಂಚಿಕೊಂಡು ಗಲಗಲ ಮಾಡುತ್ತಿದ್ದರು. ನನ್ನ ಪಾಲಿನ ತುಂಡು ಮೇಜಿನ ಮೇಲೆ ಹಾಗೇ ಇತ್ತು. ಅವಳಿಗೆ ಫಾರಂ ತುಂಬಲು ಕಲಿಸಿದವಳು ನಾನು, ಅವಳ ಲಾರಿ ನಿಲ್ಲಿಸಿದವಳು ನಾನು, ಈಗ ಅವಳ ಗಿರಾಕಿಯನ್ನೂ ಕಿತ್ತುಕೊಂಡು ತಿಂಡಿ ತಿನ್ನುವವಳೂ ನಾನೇ? ಮಧ್ಯಾಹ್ನ ಮೂರೂವರೆಗೆ ಬಾಗಿಲು ಹಾಕಿಕೊಂಡು ಫೋನ್ ಮಾಡಿದೆ. ಯಜಮಾನರು ಬೈದರೆ ಬೈಯಲಿ, ನಿವೃತ್ತಿಗೆ ಇನ್ನೆಷ್ಟು ದಿನವಿತ್ತು.

"ಲಿಂಡಾ, ನಿನಗೆ ಒಂದು ಕೆಟ್ಟ ವಿಷಯ ಹೇಳಬೇಕು. ಜರ್ಮನಿಯವರು—"

"ಫೋನ್ ಮಾಡಿದರಾ?" ಎಂದಳು. "ಒಳ್ಳೆಯದಾಯಿತು. ಎಲ್ಲಿ ಮರೆತುಬಿಟ್ಟರೋ ಎಂದುಕೊಂಡಿದ್ದೆ."

ನನಗೆ ಅರ್ಥವಾಗಲಿಲ್ಲ.

"ನಿನ್ನ ನಂಬರು ಕೊಟ್ಟವಳು ನಾನೇ ಪದ್ಮಾ. ನೀನು ಬಂದರಿನವರಿಗೆ ಬರೆದ ಕಾಗದದ ಪ್ರತಿ ನನಗೂ ಬಂದಿತ್ತಲ್ಲ, ಅವತ್ತೇ ಕೊಟ್ಟೆ. ತಪ್ಪು ನನ್ನದು ಎಂದು ಬರೆದು ಸಹಿ ಹಾಕುವವರು ಅಲ್ಲಿದ್ದಾರೆ, ಅವರ ಹತ್ತಿರವೇ ಕೊಳ್ಳಿ ಎಂದೆ. ನನ್ನ ಮೇಜು ಹೋದದ್ದು ನಿನ್ನ ಅಕ್ಕಿಯಿಂದಲ್ಲ. ಸುಂಕ ಎರಡಾದ ದಿನವೇ ನಮ್ಮ ಯಜಮಾನರು ತೀರ್ಮಾನ ಮಾಡಿಯಾಗಿತ್ತು, ಹೇಳಲು ಒಂದು ನೆಪ ಬೇಕಿತ್ತು. ಇಲ್ಲಿ ನನ್ನ ಒಬ್ಬಳ ಕೆಲಸ ಹೋಗುತ್ತದೆ. ಅಲ್ಲಿ ಹನ್ನೆರಡು ಜನರ ಕೆಲಸವೂ ಯಾಕೆ ಹೋಗಬೇಕು?"

ಮೂವತ್ತು ವರ್ಷ ಪ್ರತಿಯೊಂದು ಪ್ರಶ್ನೆಗೂ ಉತ್ತರ ಬರೆದವಳು ನಾನು. ಆದರೆ ಆ ಹೊತ್ತು, ಏನೂ ತೋಚದಾಗ ನಮ್ಮೂರಿನವರು ಕೇಳುವುದನ್ನೇ ಕೇಳಿದೆ.

"ಊಟ ಆಯ್ತಾ?"

"ಇಲ್ಲಿ ಇನ್ನೂ ಬೆಳಿಗ್ಗೆ ಹತ್ತು ಗಂಟೆ ಕಣೇ" ಎಂದಳು ಲಿಂಡಾ.